ಕವಲೆಳೆಯ ಪಾಚಿಯ ಕುಲಶೋಧ

ಆಟಿಯ ಮಳೆ ಹಿಡಿದು ಬಿಡದ ದಿನಗಳಲ್ಲಿ ನಮ್ಮ ಕಾಸರಗೋಡು ಸೀಮೆಯ ಯಾವ ಊರಿಗೆ ಹೋದರೂ ಎರಡು ಬಗೆಯ ಪಾಚಿ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಎಲ್ಲರೂ ಬಲ್ಲದ್ದು. ಕೆರೆಯ ಮೆಟ್ಟಿಲಿಗೂ ತೋಡಿನ ಕಲ್ಲಿಗೂ ಅಂಟಿಕೊಂಡು ನೀರಿನೊಡನೆ ಹಸಿರು ಕೂದಲಿನಂತೆ ತೊನೆಯುವ ಎಳೆಗಳು. ಎರಡನೆಯದನ್ನು ಪಾಚಿಯೆಂದು ಕರೆಯುವವರು ವಿರಳ. ತೆಂಗಿನ ಮರದ ಕಾಂಡದ ಮೇಲೆ, ಮುರಕಲ್ಲಿನ ಕಟ್ಟೆಯ ಮೇಲೆ, ಹಳೆಯ ಕಟ್ಟಡಗಳ ನೆರಳಿನ ಬದಿಯ ಗೋಡೆಯ ಮೇಲೆ ಅದು ಕಿತ್ತಳೆಗೆಂಪಿನ ಮಖಮಲ್ಲಿನ ಹಾಗೆ ಹಬ್ಬಿರುತ್ತದೆ. ನೋಡಿದವರು ಕಲೆಯೆನ್ನುತ್ತಾರೆ, ತುಕ್ಕೆನ್ನುತ್ತಾರೆ, ಸುಣ್ಣ ಬಳಿದು ಮರೆಯುತ್ತಾರೆ.

ನಾವೂ ಹಾಗೆಯೇ ಮರೆತವರು. ನಮ್ಮ ಪಾಠದ ವಿಷಯ ಇತಿಹಾಸ. ಒಂದು ಮಳೆಗಾಲ, ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದ ದಿನ, ಅವರ ತರಗತಿಗೆ ನಾವು ಹೋಗಬೇಕಾಯಿತು. ಕಿಟಕಿಯ ಪಕ್ಕದ ಬಾಲಕನೊಬ್ಬ ಎದ್ದು ನಿಂತು, ‘ಮಾಷ್ಟ್ರೇ, ಗೋಡೆಗೂ ತುಕ್ಕು ಹಿಡಿಯುತ್ತದಾ?’ ಎಂದು ಕೇಳಿದ. ಮುರಕಲ್ಲಿನಲ್ಲಿ ಕಬ್ಬಿಣದ ಅಂಶವಿರುತ್ತದೆ, ಮಳೆ ನೀರಿಗೆ ಅದರ ಬಣ್ಣ ಬಿಟ್ಟುಕೊಂಡಿದೆ ಎಂದು ನಾವು ತಡವರಿಸದೆ ಉತ್ತರಿಸಿದೆವು. ‘ಹಾಗಾದರೆ ತೆಂಗಿನ ಮರದಲ್ಲಿ ಮುರಕಲ್ಲು ಎಲ್ಲಿಂದ ಬಂತು ಮಾಷ್ಟ್ರೇ?’ ಎಂದು ಅವನು ಮತ್ತೆ ಕೇಳಿದ. ‘ಕುಳಿತುಕೋ’ ಎಂದೆವು. ತರಗತಿ ನಕ್ಕಿತು. ಅವನು ಕುಳಿತ. ಆ ನಗುವಿನಿಂದ ಗೆದ್ದವರು ನಾವೆಂದು ತೋರಿದರೂ ಸೋತವರು ಯಾರೆಂಬುದು ನಮಗೆ ಆಗಲೇ ತಿಳಿದಿತ್ತು. ನಿವೃತ್ತಿಯ ಬಳಿಕ ದೊರೆತ ಬಿಡುವಿನಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತ ಹೋದಾಗ ಒಂದು ಸಂಗತಿ ತಿಳಿಯಿತು. ನಾವು ಮಾಡಿದ ತಪ್ಪನ್ನೇ ಯುರೋಪಿನ ಮಹಾ ಪಂಡಿತರು ಬೇರೆ ಬೇರೆ ರೂಪದಲ್ಲಿ ಇನ್ನೂರು ವರ್ಷಗಳಿಗೂ ಮೀರಿ ಮಾಡಿದ್ದರು. ಆ ತಪ್ಪುಗಳ ಮತ್ತು ಅವುಗಳನ್ನು ತಿದ್ದಿದ ಬಗೆಯ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ಗೋಡೆಯ ಮೇಲಿನ ಆ ಕೆಂಪು ಒಂದು ಸಸ್ಯ. ಹೆಸರು ಟ್ರೆಂಟಿಪೋಲಿಯ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮಣಿ ಪೋಣಿಸಿದಂತೆ ಒಂದರ ತುದಿಗೆ ಇನ್ನೊಂದು ಸೇರಿದ ಜೀವಕೋಶಗಳ ಎಳೆಗಳೂ, ಆ ಎಳೆಗಳ ಪಕ್ಕದಿಂದ ಒಡೆದ ಕವಲುಗಳೂ ಕಾಣುತ್ತವೆ. ಕೆರೆಯ ಹಸಿರು ಕೂದಲಿನಲ್ಲಿಯೂ ಹಲವೆಡೆ ಇದೇ ಕವಲೆಳೆಯ ಕಟ್ಟಡವಿದೆ. ಅಂಥವುಗಳಲ್ಲಿ ಒಂದಕ್ಕೆ ಕ್ಲಾಡೋಫೋರ ಎಂದು ಹೆಸರು. ಒಂದು ನೀರಿನದು, ಒಂದು ಗಾಳಿಯದು. ಒಂದು ಹಸಿರು, ಒಂದು ಕೆಂಪು. ಇವೆರಡಕ್ಕೂ ನಂಟುಂಟೇ? ಸಸ್ಯಲೋಕದಲ್ಲಿ ಇವುಗಳ ನೆಲೆ ಯಾವುದು? ಪ್ರಶ್ನೆ ಇಷ್ಟೇ. ಉತ್ತರಕ್ಕೆ ತಗುಲಿದ ಕಾಲ ದೀರ್ಘವಾದುದು.

ಒಂದೇ ಕೋಣೆಯಲ್ಲಿ ಎಲ್ಲರೂ

ಸ್ವೀಡನ್ನಿನ ಕಾರ್ಲ್ ಲಿನೇಯಸ್ ೧೭೫೩ರಲ್ಲಿ ‘ಸ್ಪೀಷೀಸ್ ಪ್ಲಾಂಟೇರಂ’ ಎಂಬ ಗ್ರಂಥವನ್ನು ಪ್ರಕಟಿಸಿ, ತನಗೆ ಗೊತ್ತಿದ್ದ ಸಸ್ಯಗಳನ್ನೆಲ್ಲ ಇಪ್ಪತ್ತನಾಲ್ಕು ವರ್ಗಗಳಲ್ಲಿ ಜೋಡಿಸಿದನು. ಜೋಡಣೆಗೆ ಆಧಾರ ಹೂವಿನ ಕೇಸರಗಳು. ಹೂವೇ ಇಲ್ಲದ ಸಸ್ಯಗಳ ಗತಿಯೇನು? ಅವನ್ನೆಲ್ಲ ಕಟ್ಟಕಡೆಯ ಇಪ್ಪತ್ತನಾಲ್ಕನೆಯ ವರ್ಗಕ್ಕೆ ತಳ್ಳಿ ‘ಕ್ರಿಪ್ಟೊಗೇಮಿಯ’, ಅಂದರೆ ಗುಪ್ತವಿವಾಹದವು, ಎಂದು ಕರೆದನು. ಅದರಲ್ಲಿ ಜರೀಗಿಡ, ಹಾವಸೆ, ಪಾಚಿ, ಶಿಲೀಂಧ್ರ ಎಂದು ನಾಲ್ಕು ಗಣಗಳು. ಪಾಚಿಯ ಗಣದೊಳಗೆ ಕಡಲ ಪಾಚಿ, ಕೆರೆಯ ಪಾಚಿಗಳೊಂದಿಗೆ ಕಲ್ಲುಹೂವುಗಳೂ ಇದ್ದವು. ಪ್ರಾಣಿಯಾದ ಸ್ಪಂಜು ಕೂಡ ಅಲ್ಲಿತ್ತು.

ಈ ಗಣದಲ್ಲಿ ಎಳೆಯಂತಿರುವ ಸಸ್ಯಗಳಿಗೆ ಲಿನೇಯಸ್ ಎರಡು ಹೆಸರು ಇಟ್ಟನು. ನೀರಿನಲ್ಲಿ ಹಸಿರಾಗಿ ತೇಲುವವು ‘ಕಾನ್ಫರ್ವ’. ನೆಲ, ಮರ, ಕಲ್ಲುಗಳ ಮೇಲೆ ನಯವಾದ ನೂಲಿನಂತೆ ಹಬ್ಬುವವು ‘ಬಿಸ್ಸಸ್’. ಗ್ರೀಕ್ ಭಾಷೆಯಲ್ಲಿ ಬಿಸ್ಸಸ್ ಎಂದರೆ ನವಿರಾದ ನಾರುಬಟ್ಟೆ. ನಮ್ಮ ಗೋಡೆಯ ಕೆಂಪಿನ ಬಂಧುಗಳು ಅವನ ಪುಸ್ತಕದಲ್ಲಿ ಬಿಸ್ಸಸ್ ಎಂದೇ ದಾಖಲಾಗಿವೆ. ಅವುಗಳಲ್ಲೊಂದರ ಹೆಸರು ‘ಅಯೋಲಿಥಸ್’. ಯುರೋಪಿನ ಬೆಟ್ಟಗಳ ಬಂಡೆಗಳ ಮೇಲೆ ಬೆಳೆಯುವ ಅದಕ್ಕೆ ವಯೊಲೆಟ್ ಹೂವಿನ ಪರಿಮಳವಿರುವುದರಿಂದ ಆ ಬಂಡೆಗಳನ್ನು ವಯೊಲೆಟ್ ಕಲ್ಲು ಎನ್ನುತ್ತಿದ್ದರು. ಹೆಸರಿನ ಅರ್ಥವೂ ಅದೇ. ಹೀಗೆ ನೀರಿನ ಕವಲೆಳೆಯೂ ಗಾಳಿಯ ಕವಲೆಳೆಯೂ ಆರಂಭದಲ್ಲಿಯೇ ವಾಸಸ್ಥಳದ ಆಧಾರದಿಂದ ಬೇರೆ ಬೇರೆಯಾದವು.

ಎಳೆಯೆಂಬ ಒಂದೇ ಗುರುತಿನಿಂದ ಸಸ್ಯವನ್ನು ಅರಿಯಲಾಗದು ಎಂದು ಮೊದಲು ತೋರಿಸಿದವನು ಜಿನೀವಾದ ಪಾದ್ರಿ ಮತ್ತು ಸಸ್ಯವಿದ ಝಾನ್ ಪಿಯೆರ್ ವೋಷೇ. ಅವನು ಸಿಹಿನೀರಿನ ಎಳೆಪಾಚಿಗಳು ಸಂತಾನವನ್ನು ಹೇಗೆ ಬೆಳೆಸುತ್ತವೆ ಎಂಬುದನ್ನು ತಾಳ್ಮೆಯಿಂದ ನೋಡಿದನು. ಎರಡು ಎಳೆಗಳು ಪಕ್ಕಪಕ್ಕ ಬಂದು, ನಡುವೆ ಏಣಿಯಂತೆ ಸೇತುವೆ ಕಟ್ಟಿ, ಒಂದರ ಸತ್ವ ಇನ್ನೊಂದಕ್ಕೆ ಹರಿಯುವುದನ್ನು ವಿವರಿಸಿ ೧೮೦೩ರಲ್ಲಿ ಪುಸ್ತಕ ಬರೆದನು. ಇಂದು ಸ್ಪೈರೋಗೈರ ಎಂದು ಶಾಲೆಯ ಪಠ್ಯದಲ್ಲಿ ಚಿತ್ರ ಬರೆಯಿಸುವ ಪಾಚಿಯ ಸಂಯೋಗವದು. ಕಾನ್ಫರ್ವವೆಂಬ ಒಂದೇ ಹೆಸರಿನ ಕೆಳಗೆ ಹಲವು ಕುಲಗಳು ಅಡಗಿವೆಯೆಂಬುದು ಅಲ್ಲಿಂದ ಸ್ಪಷ್ಟವಾಗತೊಡಗಿತು.

೧೮೧೭ರಲ್ಲಿ ಜರ್ಮನಿಯ ಮಾರ್ಟಿಯಸ್, ಕಿತ್ತಳೆ ಬಣ್ಣದ ಬಿಸ್ಸಸ್ಸನ್ನು ಬೇರ್ಪಡಿಸಿ ಟ್ರೆಂಟಿಪೋಲಿಯ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದನು. ಪಾಚಿಗಳನ್ನು ಅಭ್ಯಸಿಸಿದ ಟ್ರೆಂಟಿಪೋಲ್ ಎಂಬ ಜರ್ಮನ್ ಪಾದ್ರಿಯ ನೆನಪಿಗಾಗಿ ಆ ಹೆಸರು. ೧೮೪೩ರಲ್ಲಿ ಕ್ಯೂಟ್ಸಿಂಗ್ ಎಂಬವನು ಕಾನ್ಫರ್ವದಿಂದ ಕವಲೊಡೆದ ಒಂದು ಗುಂಪನ್ನು ತೆಗೆದು ಕ್ಲಾಡೋಫೋರ ಎಂದು ಹೆಸರಿಟ್ಟನು. ಕವಲು ಹೊತ್ತದ್ದು ಎಂದು ಅದರ ಅರ್ಥ. ಈ ಕ್ಯೂಟ್ಸಿಂಗ್ ನಾರ್ಡ್‌ಹೌಸನ್ ಎಂಬ ಊರಿನ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ ಅಧ್ಯಾಪಕ. ಪಾದ್ರಿಗಳು, ಶಾಲಾ ಮಾಸ್ತರರು, ತಮ್ಮ ಊರಿನ ಕೆರೆ ಗೋಡೆಗಳನ್ನು ನೋಡುತ್ತಲೇ ಈ ಶಾಸ್ತ್ರವನ್ನು ಕಟ್ಟಿದರು ಎಂಬುದನ್ನು ನಮ್ಮ ವೃತ್ತಿಬಾಂಧವರು ಗಮನಿಸಬೇಕೆಂದು ಆಶಿಸುತ್ತೇವೆ.

ಬಣ್ಣದ ಲೆಕ್ಕ

ಇಷ್ಟಾದರೂ ಪಾಚಿಗಳನ್ನು ದೊಡ್ಡ ದೊಡ್ಡ ಗುಂಪುಗಳಾಗಿ ವಿಂಗಡಿಸಲು ಒಂದು ಸೂತ್ರ ಬೇಕಾಗಿತ್ತು. ಐರ್ಲೆಂಡಿನ ವಿಲಿಯಂ ಹೆನ್ರಿ ಹಾರ್ವೆ ೧೮೩೬ರಲ್ಲಿ ಬಣ್ಣವನ್ನೇ ಸೂತ್ರವಾಗಿ ಹಿಡಿದನು. ಕಂದು, ಕೆಂಪು, ಹಸಿರು ಎಂದು ವಿಭಾಗ. ಕಡಲ ಪಾಚಿಗಳ ಮಟ್ಟಿಗೆ ಇದು ಬಹುಮಟ್ಟಿಗೆ ನಿಜವಾಗಿಯೇ ಒದಗಿತು. ಇಂದಿಗೂ ಕೆಂಪು ಪಾಚಿ, ಕಂದು ಪಾಚಿ, ಹಸಿರು ಪಾಚಿ ಎಂಬ ಮಾತು ಶಾಲೆಯ ಪಾಠದಲ್ಲಿ ಉಳಿದಿದೆ.

ಟ್ರೆಂಟಿಪೋಲಿಯ ಮಾತ್ರ ಈ ಲೆಕ್ಕವನ್ನು ಕೆಡಿಸಿತು. ಕಣ್ಣಿಗೆ ಅದು ಕೆಂಪು. ಕುಲದಿಂದ ಹಸಿರು ಪಾಚಿ. ಅದರ ಜೀವಕೋಶದಲ್ಲಿ ಹಸಿರು ಗಿಡಗಳಲ್ಲಿರುವ ಪತ್ರಹರಿತ್ತೇ ಇದೆ. ಆದರೆ ನೀರಿಲ್ಲದ ಗೋಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಬಾಳಬೇಕಾದುದರಿಂದ, ಗಜ್ಜರಿಯ ಬಣ್ಣಕ್ಕೆ ಕಾರಣವಾದ ಕೆರೋಟಿನ್ ಎಂಬ ವರ್ಣದ್ರವ್ಯವನ್ನು ಕೋಶದೊಳಗೆ ಎಣ್ಣೆಯ ಹನಿಗಳಲ್ಲಿ ಕೂಡಿಸಿಟ್ಟುಕೊಳ್ಳುತ್ತದೆ. ಆ ಕಿತ್ತಳೆಯ ಹೊದಿಕೆಯ ಕೆಳಗೆ ಹಸಿರು ಮುಚ್ಚಿಹೋಗುತ್ತದೆ. ನೆರಳೂ ತೇವವೂ ಹೆಚ್ಚಿದ್ದಲ್ಲಿ ಅದೇ ಪಾಚಿ ಹಸಿರಾಗಿ ಕಾಣುವುದುಂಟು. ಬಣ್ಣವು ಬಾಳಿನ ಸ್ಥಿತಿಯನ್ನು ಹೇಳಿತೇ ಹೊರತು ಹುಟ್ಟನ್ನು ಹೇಳಲಿಲ್ಲ. ಮುರಕಲ್ಲಿನ ತುಕ್ಕೆಂದು ನಾವು ಮೋಸಹೋದದ್ದೂ ಇಲ್ಲಿಯೇ.

ಎರಡು ತುಕ್ಕುಗಳು

ಈ ಮೋಸ ತರಗತಿಯಲ್ಲಿ ನಡೆದರೆ ಒಬ್ಬ ಬಾಲಕನ ಮುಖ ಬಾಡುತ್ತದೆ. ತೋಟದಲ್ಲಿ ನಡೆದರೆ ಬೆಳೆ ಹೋಗುತ್ತದೆ. ವಯನಾಡು, ನೀಲಗಿರಿಗಳ ಕನ್ನಡ ಬಂಧುಗಳಿಗೆ ಕಾಫಿ, ಚಹಾ ತೋಟಗಳ ಬದುಕು ಪರಿಚಿತವಾದುದು. ೧೮೬೯ರಲ್ಲಿ ಸಿಂಹಳದ ಕಾಫಿ ತೋಟಗಳಿಂದ ಒಂದು ರೋಗ ವರದಿಯಾಯಿತು. ಎಲೆಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿ. ಸ್ವಲ್ಪ ಕಾಲದಲ್ಲಿ ಎಲೆಗಳೆಲ್ಲ ಉದುರುವುದು. ಹೆಮಿಲಿಯ ಎಂಬ ಶಿಲೀಂಧ್ರ ಅದಕ್ಕೆ ಕಾರಣ. ಸಿಂಹಳದ ಕಾಫಿ ಕೃಷಿ ಅದರಿಂದ ನೆಲಕಚ್ಚಿ, ಅಲ್ಲಿನ ತೋಟಗಾರರು ಚಹಾಕ್ಕೆ ತಿರುಗಿದರು. ದಕ್ಷಿಣ ಭಾರತದ ಕಾಫಿ ಸೀಮೆಗಳಿಗೂ ಆ ರೋಗ ಹಬ್ಬಿತು.

ಚಹಾ ಗಿಡಕ್ಕೂ ಒಂದು ‘ಕೆಂಪು ತುಕ್ಕು’ ಇದೆ. ಎಲೆ ಮತ್ತು ಎಳೆಯ ರೆಂಬೆಗಳ ಮೇಲೆ ಕಿತ್ತಳೆ ಬಣ್ಣದ ರೋಮಗಳಂತಹ ಮಚ್ಚೆಗಳು. ಬಣ್ಣವೂ ಅದೇ, ಜಾಗವೂ ಅದೇ. ಇದೂ ಶಿಲೀಂಧ್ರವೇ ಇರಬೇಕೆಂದು ನೋಡಿದವರು ಊಹಿಸುವುದು ಸಹಜ. ಹಾಗೆಯೇ ಆಗಿತ್ತು. ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ ಎಲೆಗಳ ಮೇಲಿದ್ದ ಇಂತಹುದೇ ಒಂದು ಜೀವಿಗೆ ಸೆಫಲ್ಯೂರೋಸ್ ಎಂಬ ಹೆಸರು ಮೊದಲು ಊರ್ಜಿತವಾದುದು ೧೮೩೨ರಲ್ಲಿ, ಸ್ವೀಡನ್ನಿನ ಫ್ರೀಸ್ ಬರೆದ ಶಿಲೀಂಧ್ರಗಳ ಮಹಾಗ್ರಂಥದಲ್ಲಿ.

ಈ ತಪ್ಪನ್ನು ತಿದ್ದುವ ಕೆಲಸದಲ್ಲಿ ಭಾರತದ ನೆಲಕ್ಕೆ ದೊಡ್ಡ ಪಾಲಿದೆ. ಕಲ್ಕತ್ತೆಯಲ್ಲಿ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಡೇವಿಡ್ ಡಗ್ಲಸ್ ಕನ್ನಿಂಗ್‌ಹ್ಯಾಮ್ ಎಂಬ ವೈದ್ಯನು ಎಲೆಗಳ ಮೇಲಿನ ಇಂತಹ ಮಚ್ಚೆಗಳನ್ನು ಪರೀಕ್ಷಿಸಿದನು. ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ೧೮೭೯ರಲ್ಲಿ ಅಚ್ಚಾದ ಲೇಖನದಲ್ಲಿ, ಇದು ಶಿಲೀಂಧ್ರವಲ್ಲ, ಪರಾವಲಂಬಿಯಾಗಿ ಬಾಳುವ ಪಾಚಿ ಎಂದು ತೋರಿಸಿದನು. ಆದರೂ ಅವನು ಕೊಟ್ಟ ಹೆಸರು ‘ಮೈಕಾಯ್ಡಿಯ’, ಎಂದರೆ ಶಿಲೀಂಧ್ರದಂಥದ್ದು. ತಪ್ಪನ್ನು ತಿದ್ದಿದವನ ಕೈಯಲ್ಲಿಯೂ ಹಳೆಯ ತಪ್ಪಿನ ನೆರಳು ಉಳಿಯಿತು. ಕಾಫಿ ತುಕ್ಕಿನ ಪರೀಕ್ಷೆಗೆಂದು ಸಿಂಹಳಕ್ಕೆ ಬಂದಿದ್ದ ಮಾರ್ಷಲ್ ವಾರ್ಡ್ ೧೮೮೪ರಲ್ಲಿ ಎಲೆಗಳ ಮೇಲಿನ ಒಂದು ಕಲ್ಲುಹೂವಿನ ಜೀವನವನ್ನು ವಿವರಿಸುವಾಗ ಈ ಬಗೆಯ ಪಾಚಿಯನ್ನು ಮತ್ತಷ್ಟು ಸ್ಪಷ್ಟಪಡಿಸಿದನು. ನಿಜವಾದ ತುಕ್ಕು ಯಾವುದು, ತುಕ್ಕಿನ ವೇಷದ ಪಾಚಿ ಯಾವುದು ಎಂಬ ಎರಡೂ ಪಾಠಗಳಿಗೆ ಒಂದೇ ದ್ವೀಪ ಪಾಠಶಾಲೆಯಾದುದು ವಿಶೇಷವಲ್ಲವೇ?

ಸೆಫಲ್ಯೂರೋಸ್ ಟ್ರೆಂಟಿಪೋಲಿಯದ ಹತ್ತಿರದ ಬಂಧು. ಅದರ ಕವಲೆಳೆಗಳು ಎಲೆಯ ಹೊರಪೊರೆಯ ಅಡಿಯಲ್ಲಿ ಒತ್ತಾಗಿ ಹರಡಿ ಬಿಲ್ಲೆಯಂತಾಗುತ್ತವೆ. ಆ ಬಿಲ್ಲೆಯಿಂದ ನೆಟ್ಟಗೆ ಎದ್ದ ರೋಮಗಳ ತುದಿಯಲ್ಲಿ ಬೀಜಾಣುಗಳ ಚೀಲಗಳು. ಚಹಾ ಮಾತ್ರವಲ್ಲದೆ ಮಾವು, ಪೇರಳೆ, ಗೇರು, ಕಾಳುಮೆಣಸುಗಳ ಎಲೆಗಳ ಮೇಲೂ ಇದರ ಮಚ್ಚೆಗಳನ್ನು ಕಾಣಬಹುದು. ೧೯೦೭ರಲ್ಲಿ ಹೆರಾಲ್ಡ್ ಮ್ಯಾನ್ ಮತ್ತು ಹಚಿನ್ಸನ್ ಎಂಬವರು ಚಹಾದ ಕೆಂಪು ತುಕ್ಕಿನ ಕುರಿತು ವಿಸ್ತಾರವಾದ ಪ್ರಬಂಧವನ್ನು ಭಾರತದ ಕೃಷಿ ಇಲಾಖೆಯ ಮಾಲೆಯಲ್ಲಿ ಪ್ರಕಟಿಸಿದರು. ಇದೇ ಮ್ಯಾನ್ ಮುಂದೆ ಪುಣೆಯ ಕೃಷಿ ಕಾಲೇಜಿಗೆ ಬಂದು ದಖ್ಖನಿನ ಹಳ್ಳಿಯ ಜನಜೀವನವನ್ನು ಅಧ್ಯಯನ ಮಾಡಿದವರು. ಸೊಲ್ಲಾಪುರ, ಅಕ್ಕಲಕೋಟೆಗಳ ಬಂಧುಗಳಿಗೆ ಆ ಹೆಸರು ಕೇಳಿದ್ದಾಗಿರಬಹುದು.

ಕುಲ ತಿಳಿದುದರಿಂದ ಬಂದ ಪ್ರಯೋಜನವೇನು? ಈ ಪಾಚಿ ತನ್ನ ಆಹಾರವನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳಬಲ್ಲದು. ಸೊಕ್ಕಾಗಿ ಬೆಳೆಯುವ ಗಿಡವನ್ನು ಅದು ಹೆಚ್ಚು ಕಾಡುವುದಿಲ್ಲ. ನೀರು ನಿಂತ ನೆಲದಲ್ಲಿ, ಪೊಟ್ಯಾಷ್ ಸಾಲದ ಮಣ್ಣಿನಲ್ಲಿ ಸೊರಗಿದ ಗಿಡದ ಮೇಲೆ ಮೇಲುಗೈ ಪಡೆಯುತ್ತದೆ. ಆದುದರಿಂದ ತಾಮ್ರದ ಔಷಧಿ ಸಿಂಪಡಿಸುವುದರ ಜೊತೆಗೆ ಬಸಿಗಾಲುವೆ ತೆಗೆಯುವುದು, ಗೊಬ್ಬರ ಕೊಡುವುದು, ರೋಗ ತಗುಲಿದ ರೆಂಬೆ ಕತ್ತರಿಸುವುದು, ಒಟ್ಟಿನಲ್ಲಿ ಗಿಡವನ್ನು ಗಟ್ಟಿ ಮಾಡುವುದೇ ಮದ್ದಾಯಿತು.

ಕಲ್ಲುಹೂವಿನೊಳಗಿನ ಎಳೆ

ಇದೇ ಕಾಲದಲ್ಲಿ ಸಸ್ಯಶಾಸ್ತ್ರದಲ್ಲಿ ಇನ್ನೊಂದು ವಿವಾದವೂ ನಡೆದಿತ್ತು. ಮಸಾಲೆಗೆ ಹಾಕುವ ಕಲ್ಲುಹೂವು ಏನು? ಅದನ್ನು ಸ್ವತಂತ್ರ ಸಸ್ಯವೆಂದೇ ಎಲ್ಲರೂ ನಂಬಿದ್ದರು. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ೧೮೬೦ರ ದಶಕದ ಕೊನೆಯಲ್ಲಿ, ಅದು ಒಂದು ಸಸ್ಯವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಹೂಡಿದ ಸಂಸಾರ ಎಂದು ಸಾರಿದನು. ಕಲ್ಲುಹೂವಿನ ಪಂಡಿತರು ಸಿಟ್ಟಿಗೆದ್ದರು. ಕಾಲಕ್ರಮದಲ್ಲಿ ಅವನ ಮಾತೇ ನಿಂತಿತು.

ಉಷ್ಣವಲಯದ ಬಹಳಷ್ಟು ಕಲ್ಲುಹೂವುಗಳಲ್ಲಿ ಶಿಲೀಂಧ್ರದ ಜೊತೆ ಸಂಸಾರ ಹೂಡಿರುವುದು ನಮ್ಮ ಟ್ರೆಂಟಿಪೋಲಿಯವೇ. ಮರಗಳ ತೊಗಟೆಯ ಮೇಲೆ ಬೂದು ಬಿಳುಪಿನ ಪೊರೆ, ಅದರ ಮೇಲೆ ಯಾರೋ ಕಪ್ಪು ಮಸಿಯಿಂದ ಅಕ್ಷರ ಗೀಚಿದಂತಹ ಗೆರೆಗಳು ಕಾಣುವುದುಂಟು. ಗ್ರಾಫಿಸ್ ಎಂಬ ಆ ಕಲ್ಲುಹೂವಿಗೆ ಬರಹದ ಕಲ್ಲುಹೂವು ಎಂದೇ ಖ್ಯಾತಿ. ಆ ಬರಹಕ್ಕೆ ಅನ್ನ ಒದಗಿಸುವುದು ಒಳಗಿರುವ ಕವಲೆಳೆಯ ಪಾಚಿ. ಹೀಗೆ ಒಂದೇ ವಂಶದ ಪಾಚಿ ಗೋಡೆಯ ಮೇಲೆ ಸ್ವತಂತ್ರ, ಚಹಾ ಎಲೆಯಲ್ಲಿ ಪರಾವಲಂಬಿ, ಕಲ್ಲುಹೂವಿನಲ್ಲಿ ಸಹಜೀವಿ. ಎಲ್ಲಿ ವಾಸ, ಯಾರೊಡನೆ ವಾಸ ಎಂಬುದರಿಂದಲೂ ಕುಲ ನಿರ್ಣಯವಾಗದೆಂದು ಇದರಿಂದ ಸಿದ್ಧವಾಯಿತು.

ಮದರಾಸಿನ ಮೇಷ್ಟ್ರು

ಬಣ್ಣ ಸೋತಿತು, ವಾಸಸ್ಥಳ ಸೋತಿತು. ಉಳಿದದ್ದು ಆಕಾರ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆಕಾರದ ಆಧಾರದಿಂದ ಪಾಚಿಗಳ ಶಾಸ್ತ್ರವನ್ನು ಕಟ್ಟಿದವರಲ್ಲಿ ಲಂಡನ್ನಿನ ಫೆಲಿಕ್ಸ್ ಯೂಜೀನ್ ಫ್ರಿಟ್ಷ್ ಅಗ್ರಗಣ್ಯರು. ೧೯೩೫ ಮತ್ತು ೧೯೪೫ರಲ್ಲಿ ಹೊರಬಂದ ಅವರ ಎರಡು ಸಂಪುಟಗಳು ಪಾಚಿಗಳನ್ನು ಹನ್ನೊಂದು ವರ್ಗಗಳಲ್ಲಿ ವಿವರಿಸಿದವು. ಅವರ ವಿಚಾರಸರಣಿ ಹೀಗಿತ್ತು. ಒಂದೇ ಕೋಶದ ಪಾಚಿಗಿಂತ ಎಳೆಯಾದ ಪಾಚಿ ಒಂದು ಹೆಜ್ಜೆ ಮುಂದೆ. ಸರಳ ಎಳೆಗಿಂತ ಕವಲೆಳೆ ಮತ್ತೊಂದು ಹೆಜ್ಜೆ ಮುಂದೆ. ಕವಲುಗಳಲ್ಲಿ ಕೆಲವು ನೆಲಕ್ಕೆ ಹರಡಿ ಹಿಡಿದುಕೊಂಡು, ಕೆಲವು ಮೇಲಕ್ಕೆ ಎದ್ದು ನಿಂತರೆ ಅದು ಇನ್ನೂ ಎತ್ತರದ ಮೆಟ್ಟಿಲು. ಬೇರು ಕಾಂಡಗಳುಳ್ಳ ನೆಲದ ಸಸ್ಯಗಳು ಇಂತಹ ಕವಲೆಳೆಯ ಹಸಿರು ಪಾಚಿಗಳಿಂದಲೇ ವಿಕಾಸವಾಗಿರಬೇಕು. ಟ್ರೆಂಟಿಪೋಲಿಯದ ಕುಟುಂಬವನ್ನೂ ಅವರು ಈ ಮೆಟ್ಟಿಲಿನ ಗುಂಪಿನಲ್ಲಿಯೇ ಇರಿಸಿದರು.

ಈ ವಾದಕ್ಕೆ ಬಲವಾದ ಸಾಕ್ಷಿಯನ್ನು ಒದಗಿಸಿದವರು ಮದರಾಸಿನ ಎಂ.ಒ.ಪಿ. ಅಯ್ಯಂಗಾರ್ಯರು. ಹೆಸರಿನ ಮೊದಲಲ್ಲಿರುವ ‘ಮಂಡಯಂ’ ಎಂಬುದು ಮೇಲುಕೋಟೆ, ಮಂಡ್ಯದ ಸೀಮೆಯೊಡನೆ ನಂಟುಳ್ಳ ಶ್ರೀವೈಷ್ಣವ ಮನೆತನಗಳ ಗುರುತು. ೧೮೮೬ರಲ್ಲಿ ಮದರಾಸಿನಲ್ಲಿ ಜನಿಸಿದ ಅವರು ಸೈದಾಪೇಟೆಯ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿಯೂ ಅನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಪಾಠ ಹೇಳಿದರು. ಆ ಕಾಲದಲ್ಲಿ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸು ಪ್ರಾಂತದೊಳಗೇ ಇತ್ತು. ಅಯ್ಯಂಗಾರ್ಯರು ಕೆರೆ, ಗದ್ದೆ, ಮಳೆಯ ಹೊಂಡಗಳಲ್ಲಿ ಪಾಚಿ ಹುಡುಕುತ್ತ ದಕ್ಷಿಣ ಭಾರತದಲ್ಲಿ ಅಡ್ಡಾಡಿದರು. ಲಂಡನ್ನಿಗೆ ಹೋಗಿ ಫ್ರಿಟ್ಷ್ ಅವರ ಬಳಿ ಸಂಶೋಧನೆ ಮಾಡಿ ಬಂದು, ಮದರಾಸು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಯೋಗಾಲಯವನ್ನು ಮುನ್ನಡೆಸಿದರು. ಭಾರತೀಯ ಪಾಚಿಶಾಸ್ತ್ರದ ಪಿತಾಮಹರೆಂದು ಅವರನ್ನು ಸ್ಮರಿಸುವುದು ವಾಡಿಕೆ.

೧೯೩೨ರಲ್ಲಿ ಅವರು ಒಂದು ಹೊಸ ಪಾಚಿಯನ್ನು ವರ್ಣಿಸಿ, ಗುರುಗಳ ಹೆಸರಿನಿಂದ ಅದಕ್ಕೆ ಫ್ರಿಟ್ಷಿಯೆಲ್ಲ ಎಂದು ನಾಮಕರಣ ಮಾಡಿದರು. ಮಳೆಯ ನೀರು ನಿಂತು ಆರುತ್ತಿರುವ ಹೊಂಡದ ಹಸಿ ಮಣ್ಣಿನಲ್ಲಿ ಅದು ಬೆಳೆಯುತ್ತದೆ. ಮಣ್ಣಿನೊಳಗೆ ಬೇರಿನಂತಹ ಬಣ್ಣವಿಲ್ಲದ ಎಳೆ, ಮಣ್ಣಿನ ಮೇಲ್ಪದರದಲ್ಲಿ ಗೆಡ್ಡೆಯಂತೆ ಗುಂಪುಗೂಡಿದ ಕೋಶಗಳು, ಮಣ್ಣಿನ ಮೇಲಕ್ಕೆ ಪೊದೆಯಂತೆ ಎದ್ದ ಹಸಿರು ಕವಲುಗಳು. ಬೇಸಗೆಯಲ್ಲಿ ಮೇಲಿನದೆಲ್ಲ ಒಣಗಿದರೂ ಗೆಡ್ಡೆಕೋಶಗಳು ಬದುಕಿ ಉಳಿಯುತ್ತವೆ. ನೀರಿನ ಪಾಚಿ ನೆಲಕ್ಕೆ ಕಾಲಿಟ್ಟ ಘಳಿಗೆಯನ್ನೇ ಕಣ್ಣಾರೆ ಕಂಡಂತಾಯಿತು ವಿದ್ವಾಂಸರಿಗೆ. ಜಗತ್ತಿನ ಪಠ್ಯಪುಸ್ತಕಗಳಲ್ಲಿ ದಕ್ಷಿಣ ಭಾರತದ ಮಣ್ಣಿನ ಈ ಪುಟ್ಟ ಸಸ್ಯ ಸ್ಥಾನ ಪಡೆಯಿತು.

ಕೋಶದೊಳಗಿನ ಸಾಕ್ಷ್ಯ

ಆದರೆ ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಜೀವಕೋಶವು ಎರಡಾಗುವ ಕ್ರಮವನ್ನೇ ಕುಲದ ಗುರುತಾಗಿ ಪರಿಶೀಲಿಸತೊಡಗಿದರು. ಒಂದು ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸುವಂತೆ, ಕೋಶವೂ ಇಬ್ಭಾಗವಾಗುವಾಗ ನಡುವೆ ಗೋಡೆ ಕಟ್ಟುತ್ತದೆ. ಆ ಗೋಡೆ ಕಟ್ಟಲು ಆಸರೆಯಾಗುವ ಅತಿ ಸೂಕ್ಷ್ಮ ನಾಳಗಳು ನೆಲದ ಸಸ್ಯಗಳಲ್ಲಿ ಗೋಡೆಗೆ ಅಡ್ಡವಾಗಿ ನಿಲ್ಲುತ್ತವೆ. ಹಲವು ಹಸಿರು ಪಾಚಿಗಳಲ್ಲಿ ಗೋಡೆಗೆ ಸಮಾನಾಂತರವಾಗಿ ಮಲಗುತ್ತವೆ. ಈ ಭೇದವನ್ನು ಮುಖ್ಯವಾಗಿ ಹಿಡಿದು ೧೯೭೦, ೧೯೮೦ರ ದಶಕಗಳಲ್ಲಿ ಹಸಿರು ಪಾಚಿಗಳ ವರ್ಗೀಕರಣ ಹೊಸದಾಯಿತು.

೧೯೮೬ರಲ್ಲಿ ಅಮೆರಿಕದ ಚಾಪ್‌ಮನ್ ಮತ್ತು ಹೆಂಕ್ ಎಂಬವರು, ಚಹಾ ತುಕ್ಕಿನ ಸೆಫಲ್ಯೂರೋಸಿನಲ್ಲಿ ನೆಲದ ಸಸ್ಯಗಳಂಥದೇ ಗೋಡೆಕಟ್ಟುವ ಕ್ರಮವಿದೆಯೆಂದು ತೋರಿಸಿದರು. ಹಾಗಾದರೆ ಗೋಡೆಯ ಕೆಂಪು ಪಾಚಿಯ ವಂಶವೇ ನೆಲದ ಸಸ್ಯಗಳ ದಾಯಾದಿಯೇ ಎಂಬ ಪ್ರಶ್ನೆ ಎದ್ದಿತು. ತೀರ್ಪು ಬಂದುದು ಕೋಶದೊಳಗಿನ ವಂಶದ್ರವ್ಯದ ಅಕ್ಷರಗಳನ್ನು ಓದಿದ ಮೇಲೆ. ೧೯೯೦ರಿಂದ ಮೊದಲುಗೊಂಡು ನಡೆದ ಹೋಲಿಕೆಗಳೂ, ೨೦೦೩ರಲ್ಲಿ ಲೋಪೆಸ್ ಬೌಟಿಸ್ಟ ಮತ್ತು ಚಾಪ್‌ಮನ್ ಪ್ರಕಟಿಸಿದ ವಿಸ್ತೃತ ಅಧ್ಯಯನವೂ ಟ್ರೆಂಟಿಪೋಲಿಯದ ವಂಶ ‘ಅಲ್ವೋಫೈಸಿ’ ಎಂಬ ವರ್ಗಕ್ಕೆ ಸೇ‌ರಿದುದೆಂದು ತೋರಿಸಿದವು. ಕಡಲ ತಡಿಯ ಬಂಡೆಗಳ ಮೇಲೆ ಹಸಿರು ಹಾಳೆಯಂತೆ ಹಬ್ಬುವ ಅಲ್ವ ಎಂಬ ಪಾಚಿಯ ವರ್ಗವದು. ಲಿನೇಯಸ್ ಕಾನ್ಫರ್ವವೆಂದು ಬೇರೆ ಇಟ್ಟಿದ್ದ ಕ್ಲಾಡೋಫೋರವೂ ಅದೇ ವರ್ಗದ್ದು. ಎರಡೂವರೆ ಶತಮಾನ ಬೇರೆ ಬೇರೆ ಕೋಣೆಗಳಲ್ಲಿದ್ದ ಕೆರೆಯ ಹಸಿರೂ ಗೋಡೆಯ ಕೆಂಪೂ ಕೊನೆಗೆ ಒಂದೇ ಮನೆಯವೆಂದು ಗೊತ್ತಾಯಿತು.

ಇನ್ನು ಫ್ರಿಟ್ಷಿಯೆಲ್ಲ? ಅದರ ಕುಲ ಬೇರೊಂದು ವರ್ಗದ ಹಸಿರು ಪಾಚಿಗಳದೆಂದೂ ಅದು ನೆಲದ ಸಸ್ಯಗಳ ಮೂಲವಲ್ಲವೆಂದೂ ಇಂದಿನ ನಿರ್ಣಯ. ನೆಲದ ಸಸ್ಯಗಳಿಗೆ ಅತಿ ಹತ್ತಿರದ ಬಂಧುವಾಗಿ ಇಂದು ನಿಂತಿರುವುದು ಯಾವ ಗುಂಪು ಗೊತ್ತೇ? ವೋಷೇ ಪಾದ್ರಿ ಸಂಯೋಗವನ್ನು ಕಂಡಿದ್ದ, ಕವಲೇ ಇಲ್ಲದ ಸರಳ ಎಳೆಯ ಸ್ಪೈರೋಗೈರದ ಗುಂಪು! ಕವಲೊಡೆಯುವ ಗುಣ ಪಾಚಿಗಳ ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ. ಆಕಾರವೂ ಕುಲವನ್ನು ಹೇಳಲಿಲ್ಲ. ಅಯ್ಯಂಗಾರ್ಯರ ಕೆಲಸ ಇದರಿಂದ ವ್ಯರ್ಥವಾಯಿತೇ? ಖಂಡಿತ ಇಲ್ಲ. ಅವರು ಕಂಡದ್ದು, ಬರೆದದ್ದು, ಚಿತ್ರಿಸಿದ್ದು ಇಂದಿಗೂ ನಿಜ. ಕಂಡದ್ದರಿಂದ ಮಾಡಿದ ಊಹೆ ಮಾತ್ರ ಬದಲಾಯಿತು. ಶಾಸನವೊಂದರ ಪಾಠ ಉಳಿದು ಅದರ ಕಾಲನಿರ್ಣಯ ಬದಲಾಗುವುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಎಷ್ಟು ಬಾರಿ ಕಂಡಿಲ್ಲ!

ಕೆಂಪು ಮಳೆ

ಈ ಕುಲಶೋಧ ಪಂಡಿತರ ಕೊಠಡಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದಕ್ಕೆ ನಾವೆಲ್ಲ ಬಲ್ಲ ಒಂದು ನಿದರ್ಶನವಿದೆ. ೨೦೦೧ರ ಜುಲೈ ೨೫ರಿಂದ ಸೆಪ್ಟೆಂಬರಿನವರೆಗೆ ಕೇರಳದ ಹಲವೆಡೆ, ವಿಶೇಷವಾಗಿ ಕೋಟ್ಟಯಂ, ಪತ್ತನಂತಿಟ್ಟ ಜಿಲ್ಲೆಗಳಲ್ಲಿ, ಕೆಂಪು ಮಳೆ ಸುರಿಯಿತು. ಒಗೆದು ಹರವಿದ ಬಟ್ಟೆಗಳಿಗೆ ಬಣ್ಣ ಹತ್ತಿತು. ಉಲ್ಕೆ ಸಿಡಿದ ಧೂಳು ಎಂದರು ಕೆಲವರು. ಅನ್ಯಗ್ರಹದ ಜೀವಕೋಶಗಳೆಂಬ ವಾದವೂ ಲೋಕವೆಲ್ಲ ಹಬ್ಬಿತು. ಆ ವರ್ಷದ ನವೆಂಬರಿನಲ್ಲಿಯೇ ತಿರುವನಂತಪುರದ ಭೂವಿಜ್ಞಾನ ಕೇಂದ್ರವೂ ಉಷ್ಣವಲಯ ಸಸ್ಯೋದ್ಯಾನವೂ ಕೂಡಿ ನೀಡಿದ ವರದಿ, ನೀರಿನಲ್ಲಿದ್ದುದು ಟ್ರೆಂಟಿಪೋಲಿಯದ ಬೀಜಾಣುಗಳೆಂದು ತಿಳಿಸಿತು. ೨೦೧೫ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅದನ್ನು ಆನ್ಯುಲೇಟ ಎಂಬ ಪ್ರಭೇದವೆಂದು ಗುರುತಿಸಿತು. ಆಕಾಶದಿಂದ ಬಂದ ವಿಸ್ಮಯವೆಂದು ಲೋಕ ಬೆರಗಾದುದರ ಮೂಲ ಮರದ ತೊಗಟೆಯ ಮೇಲೆ, ಗೋಡೆಯ ಮೇಲೆ ಬೆಳೆಯುವ ಈ ಪಾಚಿಯ ವಂಶವೇ ಆಗಿತ್ತು. ನಮ್ಮ ತರಗತಿಯ ಬಾಲಕನ ಪ್ರಶ್ನೆಯನ್ನು ಆ ವರ್ಷ ನಾಡಿಗೆ ನಾಡೇ ಕೇಳಿತೆನ್ನಬೇಕು.

ಗಡಿನಾಡಿನ ಸಮ್ಮೇಳನದ ಸಂಚಿಕೆಯಲ್ಲಿ ಪಾಚಿಯ ವಿಚಾರವೇಕೆಂದು ಯಾರಾದರೂ ಕೇಳಬಹುದು. ೧೯೫೬ರ ನವೆಂಬರ್ ೧ರಂದು ನಕಾಶೆಯಲ್ಲಿ ನಮ್ಮ ತಾಲೂಕಿನ ಬಣ್ಣ ಬದಲಾಯಿತು. ಹೊಸೂರು, ತಾಳವಾಡಿ, ಜತ್ತ, ಆದವಾನಿ, ಮಡಕಶಿರಗಳ ಬಂಧುಗಳದೂ ಇಂತಹುದೇ ಕಥೆ. ಬಣ್ಣ ನೋಡಿ, ವಾಸಸ್ಥಳ ನೋಡಿ, ನೆರೆಹೊರೆ ನೋಡಿ ನಮ್ಮ ಕುಲವನ್ನು ಹೇಳಿದವರನ್ನು ನಾವು ಬಹಳ ಕಂಡಿದ್ದೇವೆ. ಹೋಲಿಕೆಯನ್ನು ಇದಕ್ಕಿಂತ ಹೆಚ್ಚು ಎಳೆಯುವುದು ಸಲ್ಲ. ಪಾಚಿ ಪಾಚಿಯೇ, ಮನುಷ್ಯರು ಮನುಷ್ಯರೇ. ಆದರೂ ಒಂದು ಜೀವಿಯ ನೆಲೆಯನ್ನು ನಿರ್ಣಯಿಸುವ ಮೊದಲು ಅದರ ಒಳಗನ್ನು ನೋಡಬೇಕೆಂಬ ವಿವೇಕ ಎಲ್ಲ ಶಾಸ್ತ್ರಗಳಿಗೂ ಸಮಾನ.

ನಮ್ಮದೊಂದು ವಿನಂತಿಯುಂಟು. ಕನ್ನಡದಲ್ಲಿ ಪಾಚಿ, ಹಾವಸೆ ಎಂಬ ಮಾತುಗಳಿವೆ, ಸಂಸ್ಕೃತದಿಂದ ಬಂದ ಶೈವಲವಿದೆ. ಬಳಕೆಯಲ್ಲಿ ಇವೆಲ್ಲ ಒಂದರೊಳಗೊಂದು ಬೆರೆತಿವೆ. ಗೋಡೆಯ ಕೆಂಪಿಗೆ ನಮ್ಮ ಪಠ್ಯಗಳಲ್ಲಿ ಹೆಸರೇ ಇಲ್ಲ. ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರು ಮಕ್ಕಳನ್ನು ಕರೆದುಕೊಂಡು ಕೆರೆ, ತೋಟ, ಗೋಡೆಗಳ ಬಳಿಗೆ ಹೋಗಬೇಕು; ಕಂಡದ್ದನ್ನು ಕನ್ನಡದಲ್ಲಿ ಬರೆಯಿಸಬೇಕು; ಅಜ್ಜ ಅಜ್ಜಿಯರು ಅದಕ್ಕೆ ಏನೆನ್ನುತ್ತಾರೆಂದು ಕೇಳಿ ಬರಲು ಹೇಳಬೇಕು. ನಾರ್ಡ್‌ಹೌಸನ್ನಿನ ಮಾಸ್ತರನಿಗೆ ಸಾಧ್ಯವಾದುದು ನಮ್ಮ ಮಾಸ್ತರರಿಗೆ ಅಸಾಧ್ಯವಲ್ಲ.

ಅಂದು ಕುಳಿತುಕೋ ಎಂದು ನಾವು ಹೇಳಿದ ಬಾಲಕ ಇಂದು ಎಲ್ಲಿರುವನೋ ತಿಳಿಯದು. ಈ ಸಂಚಿಕೆ ಅವನ ಕೈಗೆ ಸಿಕ್ಕಿದರೆ ನಮ್ಮ ಉತ್ತರ ಇಷ್ಟು: ಮಗೂ, ಗೋಡೆಗೆ ತುಕ್ಕು ಹಿಡಿದಿರಲಿಲ್ಲ. ಅದು ಜೀವವುಳ್ಳದ್ದು, ಕೆಂಪಾಗಿ ಕಾಣುವ ಹಸಿರು ಪಾಚಿ. ತೆಂಗಿನ ಮರದ ಮೇಲಿದ್ದುದೂ ಅದೇ. ನೀನು ಕೇಳಿದ ಎರಡನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು.